ವೀಳ್ಯ ಮಡಚುವಷ್ಟು ಹೊತ್ತು

ಸುಟ್ಟ ಕೊಬ್ಬರಿಯ ವಾಸನೆ, ಹೌದು ಕೊಬ್ಬರಿಯದ್ದೇ, ಬಾಣಲೆಯಲ್ಲಿ ಕೆಂಪಾಗಬೇಕಾದದ್ದು ಮರೆತುಹೋಗಿ ಕಪ್ಪಾದಾಗ ಬರುತ್ತದಲ್ಲ ಅಂಥದ್ದು, ಎಲ್ಲಿಂದ ಬಂತು ಇದು, ಕೂಸನ್ನು ಎದೆಗೊತ್ತಿಕೊಂಡು ಅತ್ತಿತ್ತ ನಡೆಯುತ್ತಿದ್ದ ಪೂವಮ್ಮ ನಿಂತುಬಿಟ್ಟಳು, ಮೂಗು ಎತ್ತಿದಳು, ಒಲೆಯಲ್ಲಿ ಬರೀ ಬೂದಿ, ತಮ್ಮ ಬೋಜ ಪುತ್ತೂರಿಗೆ ಹೋದ ದಿನ ಹೋಟೆಲಿಗೆ ರಜೆ, ಮಧ್ಯಾಹ್ನದ ಗಂಜಿ ಆದ ಕೂಡಲೇ ಅವನ ಹೆಂಡತಿ ವಾಸಂತಿ ಕೊಳ್ಳಿಗೆ ನೀರು ಚಿಮುಕಿಸಿದ್ದಾಳೆ, ಉರಿಯುವ ಬೆಂಕಿಯ ಜೊತೆ ಅತ್ತಿಗೆಯನ್ನು ಒಬ್ಬಳೇ ಬಿಟ್ಟುಹೋಗುವ ಹೆಂಗಸಲ್ಲ ಅವಳು, ಹಾಗಾದರೆ ಇದು ರಸ್ತೆಯದ್ದು, ಮಡಿಕೇರಿಯಿಂದ ದಿಮ್ಮಿ ಹೇರಿಕೊಂಡು ಘಾಟಿ ಇಳಿಯುವ ಲಾರಿಗಳು ಸಂಪಾಜೆ ಮುಟ್ಟುವಾಗ ಬ್ರೇಕು ಕಾದು ನಾರುತ್ತವೆ, ಅದೇ ಇರಬೇಕು, ಆದರೆ ಅದು ರಬ್ಬರಿನ ನಾತ, ಇದು ಕೊಬ್ಬರಿ, ಅಥವಾ ಕೂಸಿನ ತಲೆಯದ್ದೇ ಇರಬಹುದು, ಬೆಳಿಗ್ಗೆ ವಾಸಂತಿ ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ನೆತ್ತಿ ತುಂಬ ತಟ್ಟಿದ್ದಾಳೆ — ಪೂವಮ್ಮ ಬಗ್ಗಿ ಕೂಸಿನ ನೆತ್ತಿಗೆ ಮೂಗು ಹಚ್ಚಿದಳು, ಎಣ್ಣೆ, ಹಾಲು, ಬೆವರು, ಮೂಳೆ ಇನ್ನೂ ಕೂಡದ ಆ ಮೆತ್ತಗಿನ ಕುಳಿ, ಚರ್ಮದ ಅಡಿಯಲ್ಲಿ ಏನೋ ಮೇಲೆ ಬಂತು, ಕೆಳಗೆ ಹೋಯಿತು, ಮೇಲೆ ಬಂತು, ಕೆಳಗೆ ಹೋಯಿತು. ಸುಟ್ಟ ವಾಸನೆ ಅಲ್ಲಿಯದಲ್ಲ.

ಎತ್ತಬೇಡಿ ಎಂದು ಹೇಳಿಯೇ ಹೋಗಿದ್ದಳು ವಾಸಂತಿ, ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೇರಿಸಿ ಹೊಸ್ತಿಲು ದಾಟಿದವಳು ಮತ್ತೆ ತಿರುಗಿ, ಅತ್ತಿಗೆ, ಎದ್ದರೆ ತೊಟ್ಟಿಲು ತೂಗಿ ಸಾಕು, ಎತ್ತುದು ಬೇಡ, ನಾನು ಹೊಳೆಗೆ ಹೋದ ಹಾಗೆ ಬಂದೆ. ತಮ್ಮನ ಹೆಂಡತಿ ಕೆಟ್ಟವಳಲ್ಲ, ಕೆಟ್ಟವಳಾಗಿದ್ದರೆ ಸುಲಭವಿತ್ತು, ಬೈದುಕೊಂಡು ಇರಬಹುದಿತ್ತು, ಇವಳು ಮೊದಲು ಅತ್ತಿಗೆಯ ತಟ್ಟೆಗೆ ಬಡಿಸುವವಳು, ತಲೆ ನೋವೆಂದರೆ ಕಷಾಯ ಕುದಿಸುವವಳು, ಕೂಸಿನ ಹತ್ತಿರ ಮಾತ್ರ ಬಿಡುವುದಿಲ್ಲ. ಕೂಸು ಮಗುಚಿ ಬೀಳುವ ಹಂತಕ್ಕೆ ಬಂದಿದೆ, ಇಷ್ಟು ದಿನದಲ್ಲಿ ಅದನ್ನು ಎತ್ತದವಳು ಸಂಪಾಜೆಗೆಲ್ಲ ಪೂವಮ್ಮ ಒಬ್ಬಳೇ ಇರಬೇಕು, ಚಾ ಕುಡಿಯಲು ಇಳಿದ ಬಸ್ಸಿನ ಕಂಡಕ್ಟರು ಎತ್ತಿ ಮುದ್ದಾಡಿದ್ದಾನೆ, ಸಕ್ಕರೆ ಮೂಟೆ ಹೊತ್ತು ತಂದ ಆಳು ಎತ್ತಿದ್ದಾನೆ, ಸ್ವಂತ ಸೋದರತ್ತೆ ಗೋಡೆಯ ಪಕ್ಕ ಕೂತು ನೋಡಿದ್ದಾಳೆ. ಬೇಡ ಎಂದು ಬಾಯಿಬಿಟ್ಟು ಯಾರೂ ಹೇಳಿದ್ದಿಲ್ಲ, ಅವಳು ಕೈಚಾಚಿದಾಗ ಕೂಸಿಗೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಬಟ್ಟೆ ಬದಲಿಸಲಿಕ್ಕೆ ಇರುತ್ತದೆ, ಅಷ್ಟೇ. ತೊಟ್ಟಿಲು ಹಾಕಿದ ದಿನ ವಾಸಂತಿಯ ಅಮ್ಮ ಹಿತ್ತಲಲ್ಲಿ ನಿಂತು ಮಗಳಿಗೆ ಹೇಳುತ್ತಿದ್ದಳು, ಆ ಹೆಂಗಸಿನ ಬಾಯಿಯ ನೊರೆ ತಾಗಿದರೆ ಕೂಸಿಗೂ ಬರ್ತದೆ ಮಗಾ, ದೂರ ಇಡು, ಪೂವಮ್ಮ ಒಳಗೆ ರುಬ್ಬುತ್ತಿದ್ದಳು, ರುಬ್ಬುವ ಕಲ್ಲಿನ ಗರಗರದಲ್ಲಿ ಮಾತು ಕೇಳಿಸಲಿಕ್ಕಿಲ್ಲವೆಂದು ಅವರು ತಿಳಿದಿದ್ದರು, ಕೇಳಿಸಿತು, ಅವತ್ತಿನ ಚಟ್ನಿಗೆ ಉಪ್ಪು ಹಾಕಲು ಮರೆತೇಹೋಯಿತು. ಸಿಟ್ಟು ಬರಬೇಕಿತ್ತು, ಬಂದದ್ದು ದುಃಖ. ಲೋಕದಲ್ಲಿ ಅವಳಿಗೆ ಬೇರೆ ಆಸೆಗಳೇ ಉಳಿದಿಲ್ಲ, ಚಿನ್ನ ಬೇಡ, ಸೀರೆ ಬೇಡ, ಗಂಡನ ಮನೆಯವರು ಬಂದು ಕರೆಯುವುದೂ ಬೇಡ, ಈ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂರಬೇಕು, ಅಷ್ಟು ಸಾಕು. ಇವತ್ತು ಅದು ಎದ್ದಿತು, ತೂಗಿದಳು, ಅತ್ತಿತು, ಜೋರಾಗಿ ತೂಗಿದಳು, ಮುಖ ನೇರಳೆ ಬಣ್ಣಕ್ಕೆ ತಿರುಗಿ ಉಸಿರು ಕಟ್ಟುವ ಹಾಗೆ ಅತ್ತಿತು, ಯಾವ ಹೆಂಗಸಿನ ಕೈ ಸುಮ್ಮನಿದ್ದೀತು, ಎತ್ತಿದಳು, ಅಯ್ಯೋ ಎಷ್ಟು ಬಿಸಿ, ಎಷ್ಟು ಹಗುರ, ಎದೆಗೆ ತಾಗಿದ್ದೇ ತಡ ಬಿಕ್ಕಿ ಬಿಕ್ಕಿ ಸುಮ್ಮನಾಯಿತು, ನೀನೇ ಬೇಕಿತ್ತು ಎನ್ನುವ ಹಾಗೆ ಅವಳ ಕುತ್ತಿಗೆಯ ಕರಿಮಣಿ ಹಿಡಿದು ಎಳೆಯಿತು. ನಡೆದಳು, ಆ ಗೋಡೆಯಿಂದ ಈ ಗೋಡೆಗೆ, ಹಾಡು ಬರುವುದಿಲ್ಲ, ಆದರೂ ಏನೋ ಗುನುಗಿದಳು. ಸುಖವಾಗಿತ್ತು.

ಮತ್ತೆ ಬಂತು ವಾಸನೆ, ಈ ಸಲ ದಪ್ಪಗೆ, ನಾಲಗೆಯ ಬುಡದಲ್ಲಿ ಕಹಿ ಕಟ್ಟುವ ಹಾಗೆ — ಬೇಡ, ಇವತ್ತು ಬೇಡ, ಕೂಸು ಹುಟ್ಟಿದ ಮೇಲೆ ಒಂದು ಸಲವೂ ಬಂದಿಲ್ಲವಲ್ಲ, ಬಂದಿಲ್ಲವೆಂಬ ಧೈರ್ಯದಿಂದಲೇ ವಾಸಂತಿ ಇವತ್ತು ಹೊಳೆಗೆ ಹೋದದ್ದು. ಎಡಗೈ ನೋಡಿಕೊಂಡಳು, ಕೂಸಿನ ಬೆನ್ನಿನ ಮೇಲೆ ಹರಡಿದ ಕೈ, ಕಿರುಬೆರಳು ಉಂಗುರಬೆರಳು ನಡುಬೆರಳು ಒಂದಕ್ಕೊಂದು ಅಂಟಿ ಒಂದೇ ದಪ್ಪ ಬೆರಳಾದ ಕೈ, ಕೊಲ್ಲಮೊಗ್ರಿನ ಗಂಡನ ಮನೆಯ ಒಲೆ ಬೇಯಿಸಿದ ಕೈ. ಆಗ ಹೊಸ ಮದುಮಗಳು, ಕೈಯ ಬಣ್ಣ ಮಾಸಿರಲಿಲ್ಲ, ಅತ್ತೆ ದುಗ್ಗಮ್ಮ ಒಲೆಯ ಮುಂದೆ ಕೂರಿಸಿ ಸೊಸೆಯ ದೋಸೆ ನೋಡುವ ಎಂದಿದ್ದಳು, ಹೀಗೊಂದು ಕಾಯಿಲೆ ಉಂಟೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಅಪ್ಪ ಹೇಳಬೇಡ ಎಂದಿದ್ದ, ಮದುವೆ ಆದರೆ ಎಲ್ಲ ಸರಿ ಆಗ್ತದೆ, ಊರೂ ಅದನ್ನೇ ಹೇಳಿತ್ತು, ಆ ಊರಿನಲ್ಲಿ ಮದುವೆಯಿಂದ ವಾಸಿಯಾಗದ ಕಾಯಿಲೆಯೇ ಇರಲಿಲ್ಲ. ಕಾವಲಿಯ ಮೇಲೆ ದೋಸೆ, ಅಂಚು ಏಳುತ್ತಿದೆ, ಸುಟ್ಟ ಕೊಬ್ಬರಿ, ಆಮೇಲೆ ಏನಿಲ್ಲ. ಆಮೇಲಿನದ್ದು ಬೇರೆಯವರು ಹೇಳಿದ್ದು, ಅವಳ ಬದುಕಿನ ಎಷ್ಟೋ ಸಂಗತಿ ಬೇರೆಯವರು ಹೇಳಿ ಗೊತ್ತಾದದ್ದೇ. ಮುಂದಕ್ಕೆ ಬಿದ್ದಳಂತೆ, ಎಡಗೈ ಕೆಂಡದೊಳಗಿತ್ತಂತೆ, ಮನೆಯಲ್ಲಿ ಜನ ಬೇಕಾದಷ್ಟಿತ್ತಂತೆ. ದುಗ್ಗಮ್ಮ ಬೊಬ್ಬೆ ಹಾಕಿದಳಂತೆ, ಮುಟ್ಟಬೇಡಿ, ಕಬ್ಬಿಣ ತನ್ನಿ, ಬೀಗದ ಕೈ ತನ್ನಿ — ಮೂರ್ಛೆ ಬಿದ್ದವರ ಕೈಗೆ ಕಬ್ಬಿಣ ಕೊಟ್ಟರೆ ಇಳಿಯುತ್ತದೆಂದು ಎಲ್ಲ ಕಡೆಯೂ ಹೇಳುತ್ತಾರೆ, ಕಬ್ಬಿಣ ಕೈಸೇರುವ ಮೊದಲು ಮುಟ್ಟಿದವರಿಗೂ ಹಿಡಿಯುತ್ತದೆಂದು ಆ ಮನೆಯ ನಂಬಿಕೆ — ಬೀಗದ ಕೈ ಮಾವನ ಸೊಂಟದಲ್ಲಿ, ಮಾವ ದನದ ಹಟ್ಟಿಯಲ್ಲಿ, ಗಂಡ ಹಟ್ಟಿಗೆ ಓಡಿದನಂತೆ, ಮಾವನ ಉಡಿದಾರದ ಗಂಟು ಬಿಚ್ಚಲು ಆಗಲಿಲ್ಲವಂತೆ, ಕೊನೆಗೆ ಮಾವನನ್ನೇ ಎಳೆದು ತಂದರಂತೆ, ಅಂತೂ ಬೀಗದ ಕೈ ಬಂತು, ಬಲಗೈಯ ಮುಷ್ಟಿಯ ಸಂದಿಗೆ ತೂರಿಸಿ ಎಲ್ಲರೂ ಸುತ್ತ ನಿಂತು ಕಾದರು, ಎಡಗೈ ಒಲೆಯೊಳಗೇ. ಒಬ್ಬರಿಗಾದರೂ ಎಳೆಯಬೇಕೆಂದು ತೋಚಲಿಲ್ಲ. ನೆನೆದರೆ ಪೂವಮ್ಮನಿಗೆ ಈಗಲೂ ಮೈಯೆಲ್ಲ ಉರಿಯುವಷ್ಟು ಸಿಟ್ಟು, ಜೊತೆಗೆ ಒಂದು ಹಾಳು ನಗು, ಉಡಿದಾರ ಹಿಡಿದು ಓಡಿಬರುವ ಮಾವ. ಹುಣ್ಣು ಒಣಗುವ ಮೊದಲೇ ತವರಿಗೆ ಕಳಿಸಿದರು, ಬಸ್ಸಿನಲ್ಲಿ ಗಂಡ ಒಂದು ಸೀಟು ಬಿಟ್ಟು ಕೂತಿದ್ದ, ಅವನನ್ನು ಕೊನೆಯದಾಗಿ ನೋಡಿದ್ದು ಅವತ್ತೇ.

ಅದೊಂದೇ ಅಲ್ಲ, ಮೈ ತುಂಬ ಗುರುತುಗಳಿವೆ, ಹುಬ್ಬಿನ ಮೇಲಿನದ್ದು ರುಬ್ಬುವ ಕಲ್ಲಿನ ಅಂಚು, ಮುಂದಿನ ಹಲ್ಲು ಅರ್ಧ ಹೋದದ್ದು ಯಾರೋ ಪುಣ್ಯಾತ್ಮ ಬಾಯಿಗೆ ಸೌಟಿನ ಹಿಡಿ ತುರುಕಿದ್ದಕ್ಕೆ, ನಾಲಗೆಯ ಬದಿಯಲ್ಲಿ ಕಚ್ಚಿದ ಮೇಲೆ ಕಚ್ಚಿದ ಗೆರೆ, ಮತ್ತೆ ಆ ಹೊಳೆ, ಮೊಣಕಾಲು ಮುಳುಗದ ಪಯಸ್ವಿನಿ, ಬಟ್ಟೆ ಒಗೆಯುತ್ತಿದ್ದಳು, ಮುಖ ಕೆಳಗಾಗಿ ಬಿದ್ದವರಿಗೆ ಅಷ್ಟು ನೀರೇ ಸಮುದ್ರ. ಸ್ವಲ್ಪ ಕೆಳಗೆ ಹೈದರ್ ಲಾರಿ ತೊಳೆಯುತ್ತಿದ್ದ, ಘಾಟಿ ಹತ್ತುವ ಮೊದಲು ಬೋಜನ ಹೋಟೆಲಿನಲ್ಲಿ ಚಾ ಕುಡಿಯದೆ ಹೋಗದ ಡ್ರೈವರ್ ಹೈದರ್, ಬಕೆಟು ಬಿಸಾಡಿ ಓಡಿ ಬಂದು ಜಡೆ ಹಿಡಿದು ಎಳೆದು ಮರಳಿನ ಮೇಲೆ ಹಾಕಿದ, ದಡದಲ್ಲಿದ್ದ ಹೆಂಗಸರು ಕಬ್ಬಿಣ ಕಬ್ಬಿಣ ಎಂದು ಕೂಗಿದರು, ಪಾಪ ಅವನಲ್ಲಿ ಬೀಗದ ಕೈ ಎಲ್ಲಿಂದ ಬರಬೇಕು, ಲಾರಿಯ ಮೂತಿಗೆ ಹಾಕಿ ತಿರುಗಿಸುವ ಹ್ಯಾಂಡಲ್ ಇತ್ತು, ಅದನ್ನೇ ತಂದು ಅವಳ ಕೈಗೆ ಹಿಡಿಸಿದ. ಎಚ್ಚರವಾದಾಗ ಮೈಯೆಲ್ಲ ಹೊಯಿಗೆ, ಎದೆಯ ಮೇಲೆ ಲಾರಿಯ ಹ್ಯಾಂಡಲ್, ಅವಳು ಕೇಳಿದ ಮೊದಲ ಮಾತು, ಲಾರಿ ಹಾಳಾಯ್ತಾ. ಹೈದರ್ ನಕ್ಕ, ಲಾರಿಗೆ ಎಂತ ಆಗಿಲ್ಲ ಪೂವಕ್ಕ, ಇದು ನನ್ನ ಹ್ಯಾಂಡಲಿಗೆ ಬಗ್ಗುವ ರೋಗ ಅಲ್ಲ, ಪುತ್ತೂರಿಗೆ ಹೋಗುವ. ಬೋಜ ಬೇಡ ಎಂದ, ಊರಿಗೆಲ್ಲ ಗೊತ್ತಾಗ್ತದೆ ಎಂದ, ಊರಿಗೆ ಗೊತ್ತಿಲ್ಲದ್ದು ಎಂತ ಉಳಿದಿದೆ ಮಾರಾಯ, ಹೈದರ್ ಮೊದಲ ಸಲ ಬೋಜನಿಗೆ ಜೋರು ಮಾಡಿದ್ದು ಅವತ್ತು, ನನ್ನ ತಂಗಿ ನೆಬೀಸಳಿಗೂ ಉಂಟು, ಮಾತ್ರೆ ತಿಂತಾಳೆ, ಸಂಸಾರ ಮಾಡ್ತಾಳೆ, ಮಕ್ಕಳ ತಾಯಿ ಅವಳು, ನಿನ್ನ ನಾಚಿಕೆಗೆ ನಿನ್ನ ಅಕ್ಕ ಯಾಕೆ ಮುಳುಗಿ ಸಾಯಬೇಕು. ಮಕ್ಕಳ ತಾಯಿ, ಆ ಮಾತು ಪೂವಮ್ಮನ ಕಿವಿಯಲ್ಲಿ ಪುತ್ತೂರಿನವರೆಗೂ ಇತ್ತು, ಲಾರಿಯ ಕ್ಯಾಬಿನಿನಲ್ಲಿ ತಮ್ಮ ಮತ್ತು ಬಾಗಿಲಿನ ನಡುವೆ ಇರುಕಿ ಕೂತು, ಸುಳ್ಯ ದಾಟಿ, ಆ ತಿರುವುಗಳನ್ನೆಲ್ಲ ದಾಟಿ, ನೆಬೀಸ, ಮಕ್ಕಳ ತಾಯಿ.

ಡಾಕ್ಟರಮ್ಮ ತೆಳ್ಳಗಿನ ಹೆಂಗಸು, ಬರೆಯುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿ ಕೇಳಿದರು, ಬರುವ ಮೊದಲು ನಿಮಗೆ ಎಂತಾದರೂ ಗೊತ್ತಾಗ್ತದಾ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಮಂತ್ರಿಸಿದವರು ಕೇಳಿರಲಿಲ್ಲ, ತಾಯಿತ ಕಟ್ಟಿದವರು ಕೇಳಿರಲಿಲ್ಲ, ಅವರೆಲ್ಲ ಅವಳ ಅಪ್ಪನನ್ನು ಕೇಳಿದರು, ಬೋಜನನ್ನು ಕೇಳಿದರು, ಬೀಳುವವಳನ್ನು ಯಾರು ಕೇಳುತ್ತಾರೆ. ವಾಸನೆ, ಸುಟ್ಟ ಕೊಬ್ಬರಿಯದ್ದು. ವಾಸನೆ ಬಂದ ಮೇಲೆ ಎಷ್ಟು ಹೊತ್ತಿಗೆ ಬೀಳ್ತೀರಿ. ಪೂವಮ್ಮ ಯೋಚಿಸಿದಳು, ಗಡಿಯಾರ ನೋಡಿ ಬಿದ್ದವಳಲ್ಲ, ಒಂದು ವೀಳ್ಯಕ್ಕೆ ಸುಣ್ಣ ಹಚ್ಚಿ ಮಡಚುವಷ್ಟು ಹೊತ್ತು ಇರಬಹುದು. ಡಾಕ್ಟರಮ್ಮನ ಮುಖ ಅರಳಿತು, ಅಷ್ಟು ಧಾರಾಳ ಆಯ್ತು ಪೂವಮ್ಮ, ಎಷ್ಟೋ ಜನಕ್ಕೆ ಅಷ್ಟೂ ಸಿಕ್ಕುದಿಲ್ಲ, ಅಷ್ಟರಲ್ಲಿ ನೀವು ಕೂತುಕೊಳ್ಳಬಹುದು, ಬದಿಗೆ ವಾಲಿ ಮಲಗಬಹುದು, ಕೈಯಲ್ಲಿದ್ದದ್ದನ್ನು ಕೆಳಗಿಡಬಹುದು, ಬೆಂಕಿಯಿಂದ ನೀರಿನಿಂದ ದೂರ ಹೋಗಬಹುದು, ಓಡುದು ಬೇಡ, ಹತ್ತುದು ಬೇಡ, ಇದ್ದಲ್ಲೇ ಕೆಳಗೆ, ಗೊತ್ತಾಯ್ತಲ್ಲ. ಆಮೇಲೆ ಬೋಜನ ಕಡೆ ತಿರುಗಿ, ಕಬ್ಬಿಣ ಕೊಡುದು, ಬಾಯಿಗೆ ಸೌಟು ಹಾಕುದು ಎಲ್ಲ ಇವತ್ತಿಗೆ ನಿಲ್ಲಬೇಕು. ಬೋಜ ತಲೆ ತಗ್ಗಿಸಿ ಕೇಳಿದ, ಮನೆಗೆ ಬಂದವನು ರುಬ್ಬುವ ಕಲ್ಲಿನ ಸುತ್ತ ಗೋಣಿ ಕಟ್ಟಿದ, ಬಚ್ಚಲಿನ ಅಗುಳಿ ಕಿತ್ತು ಎಸೆದ, ಅಕ್ಕನಿಗೆ ಸ್ನಾನಕ್ಕೆ ಅಂಡೆಯ ನೀರು ಬೇಡ, ಬಕೆಟಿಗೆ ಎರೆದು ಕೊಡುವ ಎಂದ, ಮಾತಿನಲ್ಲಿ ಪ್ರೀತಿ ತೋರಿಸಲು ಬಾರದವನು, ಗೋಣಿಯ ಗಂಟನ್ನು ಮಾತ್ರ ಎಷ್ಟು ಬಿಗಿಯಾಗಿ ಹಾಕಿದ್ದ. ಆ ಪುಟ್ಟ ಬಿಳಿ ಮಾತ್ರೆ ಪವಾಡ ಮಾಡಿತು, ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು, ನಿಂತದ್ದೇ ತೊಂದರೆ, ಗುಣವಾಯಿತಲ್ಲ, ಇನ್ಯಾಕೆ ಪೂರ್ತಿ ನುಂಗುವುದು ಎಂದು ಪೂವಮ್ಮನೇ ಮಾತ್ರೆಯನ್ನು ಉಗುರಲ್ಲಿ ಮುರಿದು ಅರ್ಧ ಅರ್ಧ ನುಂಗಿದಳು, ಮೊನ್ನೆ ಅದೂ ಮುಗಿಯಿತು, ಬೋಜ ಡಬ್ಬಿ ಅಲ್ಲಾಡಿಸಿ ನೋಡಿ, ಎಂತ ಅಕ್ಕ ನೀನು, ಮುಗಿದರೆ ಹೇಳುದಲ್ವಾ, ಅದಕ್ಕೇ ಇವತ್ತು ಅವನು ಪುತ್ತೂರಿಗೆ ಹೋದದ್ದು, ಸಂಜೆಯ ಬಸ್ಸಿಗೆ ತರುತ್ತಾನೆ. ಸಂಜೆಗೆ.

ಎಡಗೈ ಹೆಬ್ಬೆರಳಲ್ಲಿ ಜುಂ ಎಂದಿತು, ಈಗ ಅನುಮಾನವಿಲ್ಲ, ಬರುತ್ತದೆ, ಬಂದೇ ಬರುತ್ತದೆ — ತೊಟ್ಟಿಲು, ತೊಟ್ಟಿಲಿಗೆ ಹಾಕಿಬಿಟ್ಟರೆ ಕೂಸು ಸುರಕ್ಷಿತ, ಎತ್ತಿದ್ದೂ ಯಾರಿಗೂ ಗೊತ್ತಾಗುವುದಿಲ್ಲ, ವಾಸಂತಿ ಬಂದು ನೋಡುವಾಗ ಎಲ್ಲ ಇದ್ದ ಹಾಗೆಯೇ, ಕಾಲು ಆ ಕಡೆ ಒಂದು ಹೆಜ್ಜೆ ಇಟ್ಟೂಬಿಟ್ಟಿತು, ತೊಟ್ಟಿಲು ತೂಗುವುದು ಎದೆಯೆತ್ತರದಲ್ಲಿ, ಅದರ ಕೆಳಗೆ ಮಣ್ಣಿನ ಗಟ್ಟಿ ನೆಲ, ಪಕ್ಕದಲ್ಲೇ ರುಬ್ಬುವ ಕಲ್ಲು, ಕೂಸನ್ನು ಎರಡು ಕೈಯಲ್ಲಿ ಎತ್ತಿ ಹಿಡಿದ ಗಳಿಗೆಯಲ್ಲಿ ಬಂದರೆ, ಹೇಗೆ ಬೀಳುತ್ತದೆ ಕೂಸು, ತಲೆ ಕೆಳಗಾಗಿ, ಆ ಕುಳಿ, ಮೂಳೆ ಇಲ್ಲದ ಆ ಕುಳಿ ನೆಲಕ್ಕೆ — ಇಲ್ಲ. ಹಾಗಾದರೆ ಹೊರಗೆ ಓಡಿ ಯಾರಾದರೂ ದಾರಿಹೋಕರ ಕೈಗೆ ಕೊಟ್ಟರೆ, ಹೊರಗೆ ಮೂರು ಮೆಟ್ಟಿಲು, ಮೆಟ್ಟಿಲು ಇಳಿದರೆ ರಸ್ತೆ, ಲಾರಿ, ಇಲ್ಲ ಇಲ್ಲ. ಓಡುದು ಬೇಡ, ಹತ್ತುದು ಬೇಡ, ಇದ್ದಲ್ಲೇ ಕೆಳಗೆ. ಕೆಳಗಿಟ್ಟರೆ ವಾಸಂತಿಗೆ ಗೊತ್ತಾಗುತ್ತದೆ, ಗೊತ್ತಾದರೆ ಈ ಕೂಸನ್ನು ಅವಳು ಇನ್ನು ಮುಟ್ಟುವ ಹಾಗಿಲ್ಲ, ಇವತ್ತೇ ಮೊದಲು ಇವತ್ತೇ ಕೊನೆ — ಆಗಲಿ, ಕೊನೆಯಾಗಲಿ, ಮೊಣಕಾಲು ಮಡಚಿದಳು, ಒಂದು, ಇನ್ನೊಂದು, ಕೋಣೆಯ ನಡುವೆ ಚಾಪೆ, ಒಲೆಯಿಂದ ದೂರ, ಕಲ್ಲಿನಿಂದ ದೂರ, ಹೊಸ್ತಿಲಿನಿಂದ ದೂರ, ಅಂಟಿದ ಬೆರಳುಗಳನ್ನು ಕೂಸಿನ ತಲೆಯ ಅಡಿಗೆ ಕೊಟ್ಟು ಇಳಿಸಿದಳು, ಮೊದಲು ಬೆನ್ನು, ಆಮೇಲೆ ಕುತ್ತಿಗೆ, ಆಮೇಲೆ ಮೆಲ್ಲಗೆ ತಲೆ, ಕೂಸಿನ ಮುಷ್ಟಿಯಲ್ಲಿ ಕರಿಮಣಿ, ಬಿಡು ಚಿನ್ನ, ಬಿಡುವುದಿಲ್ಲ ಅದು, ಬಿಡು ಮಗಾ ಬಿಡು, ಪುಟ್ಟ ಬೆರಳುಗಳನ್ನು ಬಿಡಿಸಿದಳು, ಅದು ಮತ್ತೆ ಅಳಲು ತೊಡಗಿತು, ಅಳಲಿ, ಅಳುವ ಕೂಸು ಬದುಕಿರುವ ಕೂಸು. ಇಷ್ಟೇ ಸಾಲದು, ಬಿದ್ದ ಮೇಲೆ ತನ್ನ ಕೈಕಾಲು ತನ್ನದಲ್ಲ, ಹೇಗೆ ಬಡಿಯುತ್ತದೋ ಎಲ್ಲಿ ಬಡಿಯುತ್ತದೋ, ಆ ಕೈ ಕೂಸಿಗೆ ತಾಗಬಾರದು, ಆ ಕಾಲು ತಾಗಬಾರದು, ದೂರ, ಇನ್ನೂ ದೂರ, ಅಂಬೆಗಾಲಿಟ್ಟಳು, ದೊಡ್ಡ ಹೆಂಗಸು ಅಂಬೆಗಾಲಿಡುತ್ತ ಗೋಡೆಯ ಕಡೆ, ಹಿಂದೆ ಕೂಸಿನ ಅಳು, ಗೋಡೆಯ ಸುಣ್ಣ ಕಣ್ಣಿನ ಮುಂದೆ ಬಿಳಿ, ತುಂಬ ಬಿಳಿ, ಬದಿಗೆ ವ

ಏನಿಲ್ಲ.

ಬಿಳಿ. ಉಪ್ಪು. ಬಾಯಲ್ಲಿ ಉಪ್ಪು, ರಕ್ತ ಉಪ್ಪು. ಕೆನ್ನೆಯ ಕೆಳಗೆ ತಣ್ಣಗಿನದ್ದು, ಅದಕ್ಕೊಂದು ಹೆಸರಿದೆ, ನೆಲ. ಸೀರೆ ಒದ್ದೆ. ಯಾರು ಒದ್ದೆ ಮಾಡಿದ್ದು, ತಾನೇ. ತಾನು ಎಂದರೆ ಯಾರು, ಪೂವಮ್ಮ, ಹೌದು ಪೂವಮ್ಮ, ಇದು ಯಾವ ಮನೆ, ದೋಸೆ ಎಲ್ಲಿ, ಇಲ್ಲ ಅದು ಆ ಮನೆ, ಇದು ತಮ್ಮನ ಮನೆ, ಬೋಜ ಬಸ್ಸಿಗೆ ಹೋಗಿದ್ದಾನೆ, ಏನೋ ಒಂದು ದೊಡ್ಡದು ಮರೆತಿದೆ, ಬಹಳ ದೊಡ್ಡದು, ತಲೆಯೊಳಗೆ ಹುಡುಕಿದಳು, ಖಾಲಿ, ಮನೆ ನಿಶ್ಶಬ್ದ, ಯಾಕೆ ಇಷ್ಟು ನಿಶ್ಶಬ್ದ, ಏನೋ ಒಂದು ಸದ್ದು ಇರಬೇಕಿತ್ತು ಇಲ್ಲಿ — ಕೂಸು. ಕೂಸು ಅಳುತ್ತಿಲ್ಲ. ಜೀವ ಬಾಯಿಗೆ ಬಂತು, ಏಳಲು ನೋಡಿದಳು, ಕಾಲು ಹಿಂಡಿದ ಬಟ್ಟೆಯ ಹಾಗೆ ಮುದುಡಿತು, ಕೂಸೇ ಎಂದು ಕರೆದಳು, ಕಚ್ಚಿದ ನಾಲಗೆ ಹೊರಳಲಿಲ್ಲ, ತೆವಳಿದಳು, ದೇವರೇ ನನ್ನ ಕೈ ಹೋಗಲಿ, ಇನ್ನೊಂದು ಕೈಯೂ ಹೋಗಲಿ, ಕಣ್ಣು ಹೋಗಲಿ, ಚಾಪೆ ಎಷ್ಟು ದೂರ, ಇಷ್ಟು ದೂರವೇ ತಾನು ಬಂದದ್ದು, ಚಾಪೆಯ ಮೇಲೆ ಅದು ಬೆನ್ನ ಮೇಲಿಲ್ಲ, ಮಗುಚಿ ಬಿದ್ದಿದೆ, ಹೊಟ್ಟೆಯ ಮೇಲೆ, ಮೊದಲ ಸಲ ತಾನಾಗಿ ಮಗುಚಿ, ಮುಖ ಒಂದು ಬದಿಗೆ, ಕಣ್ಣು ಮುಚ್ಚಿ, ಅಲ್ಲಾಡುವುದಿಲ್ಲ. ಪೂವಮ್ಮ ಮುಟ್ಟಲು ಹೆದರಿದಳು, ಬಗ್ಗಿದಳು, ಕೂದಲಿನ ನಡುವೆ ಆ ಕುಳಿ, ನೋಡಿದಳು, ಉಸಿರು ಬಿಗಿಹಿಡಿದು ನೋಡಿದಳು, ಮೇಲೆ ಬಂತು. ಕೆಳಗೆ ಹೋಯಿತು. ಮೇಲೆ ಬಂತು. ಹೋದ ಜೀವ ಬಂತು. ಅತ್ತು ಸುಸ್ತಾಗಿ ಮಗುಚಿ ಅಲ್ಲೇ ನಿದ್ದೆ ಹೋಗಿದೆ ಕಳ್ಳ ಕೂಸು, ತುಟಿಯ ತುದಿಯಲ್ಲಿ ಜೊಲ್ಲು, ಕನಸಿನಲ್ಲಿ ಹಾಲು ಚೀಪುತ್ತಿದೆ. ಪೂವಮ್ಮ ಚಾಪೆಯ ಅಂಚಿಗೆ ಹಣೆ ಹಚ್ಚಿ ಅತ್ತಳು, ಶಬ್ದವಿಲ್ಲದೆ, ಕೂಸು ಎದ್ದೀತೆಂದು.

ಸೀರೆ ಬದಲಿಸಬಹುದು, ಈಗಲೇ, ಬಾಯಿ ತೊಳೆಯಬಹುದು, ನೆಲ ಒರೆಸಬಹುದು, ಕೂಸನ್ನು ಎತ್ತಿ ತೊಟ್ಟಿಲಿಗೆ ಹಾಕಬಹುದು, ಈಗೇನೂ ಭಯವಿಲ್ಲ, ಬಂದು ಹೋಗಿಯಾಯಿತು, ವಾಸಂತಿ ಬಂದು ಎದ್ದಿತ್ತಾ ಎಂದರೆ ಇಲ್ಲ ಎಂದುಬಿಡುವುದು, ಕಂಡವರಾರು, ಸಂಜೆ ಮಾತ್ರೆ ಬರುತ್ತದೆ, ಇನ್ನು ಒಂದು ಚೂರೂ ಮುರಿಯುವುದಿಲ್ಲ, ಪ್ರಮಾಣ. ನಾಳೆ ವಾಸಂತಿ ಇನ್ನಷ್ಟು ಧೈರ್ಯದಿಂದ ಹೊಳೆಗೆ ಹೋಗುತ್ತಾಳೆ, ನಾಡಿದ್ದು ಅವಳೇ ಕೈಗೆ ಕೊಡುತ್ತಾಳೆ, ಹಿಡೀರಿ ಅತ್ತಿಗೆ, ಒಲೆಯಲ್ಲಿ ಹಾಲು ಉಕ್ಕುತ್ತದೆ — ಒಲೆಯ ಮುಂದೆ, ಕೈಗೆ ಕೊಟ್ಟು, ಏನೂ ಗೊತ್ತಿಲ್ಲದೆ. ಅಪ್ಪ ಹೇಳಬೇಡ ಎಂದಿದ್ದ. ದುಗ್ಗಮ್ಮನಿಗೆ ಮೊದಲೇ ಗೊತ್ತಿದ್ದರೆ ಒಲೆಯ ಮುಂದೆ ಕೂರಿಸುತ್ತಿದ್ದಳೋ ಇಲ್ಲವೋ, ಆ ಮನೆಯವರನ್ನು ಇಷ್ಟು ವರ್ಷ ಬೈದದ್ದಾಯಿತು, ಬೈಯುವಾಗ ಅಪ್ಪನನ್ನು ಯಾಕೆ ಬಿಟ್ಟದ್ದು. ಪೂವಮ್ಮ ಸೀರೆ ಬದಲಿಸಲಿಲ್ಲ. ಕೂಸಿನಿಂದ ಒಂದು ಮೊಳ ದೂರದಲ್ಲಿ, ಒದ್ದೆ ಸೀರೆಯಲ್ಲೇ, ಗಲ್ಲದ ಮೇಲೆ ಒಣಗುತ್ತಿದ್ದ ನೊರೆಯನ್ನೂ ಒರೆಸದೆ ಕೂತಳು, ಒರೆಸಿದರೆ ಹೇಳುವ ಧೈರ್ಯ ಹೋದೀತೆಂದು ಹೆದರಿಕೆಯಾಯಿತು.

ವಾಸಂತಿ ಬಾಗಿಲಲ್ಲಿ ನಿಂತಳು, ಬುಟ್ಟಿ ಸೊಂಟದಿಂದ ಜಾರಿ ಒದ್ದೆ ಬಟ್ಟೆಯೆಲ್ಲ ಹೊಸ್ತಿಲಲ್ಲಿ, ಕೂಸಿನ ಹತ್ತಿರ ಓಡಿ ಬಾಚಿ ಎತ್ತಿ, ಎಂತ ಆಯ್ತು, ಬಿತ್ತಾ, ಎಲ್ಲಿ ತಾಗಿದೆ, ತಲೆ ಸವರಿ ಕೈ ಸವರಿ ಬೆನ್ನು ಸವರಿ, ಕೂಸು ನಿದ್ದೆ ಕೆಟ್ಟ ಸಿಟ್ಟಿಗೆ ಕಿರುಚಿತು. ಬಿದ್ದದ್ದು ಅದಲ್ಲ ವಾಸಂತಿ, ನಾನು, ನಾಲಗೆ ಊದಿ ಮಾತು ತೊದಲಿತು, ಅತ್ತಿತು, ಎತ್ತಿದೆ, ನೀನು ಬೇಡ ಅಂದಿದ್ದೆ, ಆದರೂ ಎತ್ತಿದೆ, ಆಮೇಲೆ ವಾಸನೆ ಬಂತು, ಕೆಳಗಿಟ್ಟು ದೂರ ಹೋದೆ, ಆಮೇಲೆ ಗೊತ್ತಿಲ್ಲ, ಮಾತ್ರೆ ಸರಿಯಾಗಿ ತಿಂದಿರಲಿಲ್ಲ ನಾನು, ಇಷ್ಟೇ, ಇಷ್ಟೇ ಆದದ್ದು. ಹೇಳಿಯಾಯಿತು, ಪೂವಮ್ಮ ನೆಲ ನೋಡಿದಳು, ಈಗ ಬೈಗುಳ ಬರುತ್ತದೆ, ಬರಲಿ, ಅಥವಾ ಬೈಯದೆ ಕೂಸಿಗೆ ಹಸಿವಾಗುತ್ತದೆ ನಿದ್ದೆ ಬರುತ್ತದೆ ಎನ್ನುತ್ತಾಳೆ, ಅದು ಬೈಗುಳಕ್ಕಿಂತ ಕಷ್ಟ. ವಾಸಂತಿ ಚಾಪೆ ನೋಡಿದಳು, ಗೋಡೆ ನೋಡಿದಳು, ಚಾಪೆಯಿಂದ ಗೋಡೆಯವರೆಗೆ ನೆಲದ ಮೇಲಿನ ತೆವಳಿದ ಗುರುತು ನೋಡಿದಳು. ಅಲ್ಲಿಂದ ಅಲ್ಲಿಗೆ ಹೋದ್ರಾ ಅತ್ತಿಗೆ. ಹೋದೆ. ಬರ್ತದೆ ಅಂತ ಗೊತ್ತಿದ್ದೂ ಮಲಗದೆ ಅಲ್ಲಿವರೆಗೆ ಹೋದ್ರಾ. ನನ್ನ ಕೈ ತಾಗಬಾರದಲ್ಲ. ವಾಸಂತಿ ಕೂಸನ್ನು ತೊಟ್ಟಿಲಿಗೆ ಹಾಕಿ ಒಳಗೆ ಹೋದಳು, ತಂಬಿಗೆಯ ನೀರು ತಂದಳು, ಎದುರು ಕುಕ್ಕರಗಾಲಲ್ಲಿ ಕೂತಳು, ತನ್ನ ಸೆರಗಿನ ತುದಿಯನ್ನೇ ಒದ್ದೆ ಮಾಡಿ ಅತ್ತಿಗೆಯ ಗಲ್ಲದ ನೊರೆ ಒರೆಸಿದಳು, ತುಟಿಯ ರಕ್ತ ಒರೆಸಿದಳು, ಒರೆಸುವ ಕೈ ಹಿಂದೆ ಸರಿಯಲಿಲ್ಲ, ಸೀರೆ ಬದಲಿಸಿ ಬನ್ನಿ, ಸ್ವಲ್ಪ ಮಲಗಿ, ನಾನಿದ್ದೇನೆ.

ಮಲಗಿದಳು, ಕಲ್ಲು ಬಿದ್ದ ಹಾಗೆ ನಿದ್ದೆ, ಎದ್ದಾಗ ಬಾಗಿಲ ಸಂದಿಯ ಬಿಸಿಲು ಹಳದಿಯಾಗಿ ಗೋಡೆ ಹತ್ತಿತ್ತು, ತಲೆ ಭಾರ, ಮೈಯೆಲ್ಲ ಪೆಟ್ಟು ತಿಂದ ನೋವು, ವಾಸಂತಿ ಮೂಲೆಯಲ್ಲಿ ಚಾಪೆ ಹಾಸುತ್ತಿದ್ದಳು, ಗೋಡೆಗೆ ಎರಡು ತಲೆದಿಂಬು ಒರಗಿಸಿ ಕೈಯಿಂದ ತಟ್ಟಿ ತಟ್ಟಿ ಸರಿ ಮಾಡುತ್ತಿದ್ದಳು, ಯಾರಿಗೆ ಇದೆಲ್ಲ, ಬಾಣಂತಿಗೆ ಹಾಸುವ ಹಾಗೆ. ಅತ್ತಿಗೆ ಬನ್ನಿ ಇಲ್ಲಿ, ಒರಗಿ ಕೂತುಕೊಳ್ಳಿ, ಕಾಲು ಚಾಚಿ, ಹಾಂ ಹಾಗೆ. ಕೇಳಲು ಧೈರ್ಯವಾಗಲಿಲ್ಲ, ಕೂತಳು. ಇನ್ನು ನಿಂತು ಎತ್ತುದು ಬೇಡ, ಎತ್ತಬೇಕು ಅನಿಸಿದಾಗ ಇಲ್ಲಿ ಬಂದು ಕೂತು ನನ್ನನ್ನು ಕರೀರಿ, ನಾನು ತಂದು ಹಾಕ್ತೇನೆ, ವಾಸನೆ ಬಂದರೆ ಬಾಯಿಬಿಟ್ಟು ಹೇಳಿ, ಮುಚ್ಚಿಡಬೇಡಿ, ಇವತ್ತು ಹೇಳಿದ ಹಾಗೆ ಹೇಳಿ, ನಾನು ಪಕ್ಕದಲ್ಲೇ ಇರ್ತೇನೆ, ಆಯ್ತಾ. ನಿನ್ನ ಅಮ್ಮ ಬಂದರೆ ಬೈತಾಳೆ ವಾಸಂತಿ. ಅಮ್ಮನಿಗೆ ನಾನು ಹೇಳ್ತೇನೆ, ಅಮ್ಮನಿಗೆ ಎಂತ ಗೊತ್ತುಂಟು. ಕೂಸು ಮಡಿಲಿಗೆ ಬಂತು, ಬಿಸಿ, ಭಾರ, ಕೂತ ಮಡಿಲಿಗೆ ಅದು ಭಾರವಾಗಿತ್ತು, ವಾಸಂತಿ ಭುಜಕ್ಕೆ ಭುಜ ತಾಗಿಸಿ ಪಕ್ಕದಲ್ಲಿ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಾಳೆ, ಏನೋ ಹೇಳುತ್ತಿದ್ದಾಳೆ, ಬೋಜನ ಬಸ್ಸು ಸುಳ್ಯ ಬಿಟ್ಟಿರಬಹುದು ಅಂತಲೋ ಏನೋ, ರಸ್ತೆಯಲ್ಲಿ ಲಾರಿಯೊಂದು ಏದುಸಿರು ಬಿಡುತ್ತ ಘಾಟಿ ಹತ್ತುತ್ತಿದೆ, ಪೂವಮ್ಮ ಮೂಗೆಳೆದು ನೋಡಿದಳು, ಎಣ್ಣೆ, ಹಾಲು, ಬೇರೇನೂ ಇಲ್ಲ, ಕಣ್ಣು ಕೂಸಿನ ನೆತ್ತಿಯ ಮೇಲೆ ನಿಂತಿದೆ, ತೆಳ್ಳಗಿನ ಕೂದಲು, ಅದರ ನಡುವೆ ಆ ಕುಳಿ, ಮೇಲೆ ಬರುತ್ತದೆ, ಕೆಳಗೆ ಹೋಗುತ್ತದೆ, ಮೇಲೆ ಬರುತ್ತದೆ, ಕೆಳಗೆ ಹೋಗುತ್ತದೆ, ಮೇಲೆ ಬರುತ್ತದೆ